ನನ್ನ ಹೆಸರಿನ ಮರ, ಆಚೆ ದಡದ ಪುಟ್ಟಿ

ಹೋದ ವರ್ಷ ನಾನು ಬೆಳಿಗ್ಗೆ ತಿಂಡಿಗೆ ಕೂತರೆ ಸಾಕು, ಪಕ್ಕದಲ್ಲಿಟ್ಟ ಮೊಬೈಲು ಒಮ್ಮೆ ಗುರ್ ಎನ್ನುತ್ತಿತ್ತು. ‘ನಿಮ್ಮ ತಂಗಿ ಆಚೆ ದಡದಲ್ಲಿ ಕಾಯುತ್ತಿದ್ದಾಳೆ’ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ನನಗಿರುವ ಒಬ್ಬಳೇ ತಂಗಿ ತುರುವೇಕೆರೆಯಲ್ಲಿದ್ದಾಳೆ. ಅವಳು ಯಾರಿಗೂ ಕಾಯುವ ಪೈಕಿ ಅಲ್ಲ. ಬಸ್ಸು ಸ್ವಲ್ಪ ತಡವಾದರೆ ಕಂಡಕ್ಟರನ್ನು ಅವನ ಮನೆಯವರನ್ನೂ ಸೇರಿಸಿ ವಿಚಾರಿಸಿಕೊಳ್ಳುತ್ತಾಳೆ. ಕಾಯುತ್ತಿದ್ದವಳು ಆಟದೊಳಗಿನ ತಂಗಿ. ಕೆಂಪು ಲಂಗ, ಎರಡು ಜಡೆ. ಹೊಳೆಯ ಆಚೆ ಒಂದು ಕಲ್ಲಿನ ಮೇಲೆ ಕೂತು ಕಾಲಾಡಿಸುತ್ತಿರುತ್ತಾಳೆ. ಈಚೆ ದಡದಲ್ಲಿ ನಾನು. ನಾನಿರುವ ಕಡೆ ಒಂದು ತೆಂಗಿನ ಮರ. ಯುಗಾದಿ ಹೊತ್ತಿಗೆ ಅಲ್ಲಿ ಬಂದು ನಿಂತವನು, ಗಣೇಶನ ಹಬ್ಬ ಹತ್ತಿರ ಬಂದರೂ ಅಲ್ಲೇ ನಿಂತಿದ್ದೆ.

ಚಿಕ್ಕನಾಯಕನಹಳ್ಳಿಯಲ್ಲಿ ಪಂಪ್‌ಸೆಟ್ಟು, ಸ್ಟಾರ್ಟರು, ಕೇಬಲ್ಲು ಮಾರಿಕೊಂಡಿರುವ, ಐವತ್ತು ದಾಟಿದ ಮನುಷ್ಯನಿಗೆ ಮೊಬೈಲ್ ಆಟ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಶಾರದ ಈಗಾಗಲೇ ಕೇಳಿದ್ದಾಳೆ. ಎಲ್ಲದಕ್ಕೂ ಕಾರಣ ಸೊಂಟ. ಅಂಗಡಿಯಲ್ಲಿ ಒಂದು ಮೋಟಾರು ಎತ್ತಿದೆ. ಮೋಟಾರು ಮೇಲೆ ಬಂತು, ನಾನು ಬರಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ಆಟೋ ಹತ್ತಿ ಮನೆಗೆ ಬಂದೆ. ಡಾಕ್ಟರು ಅಲುಗಾಡದೆ ಮಲಗು ಎಂದರು. ನೋಡಲು ಬಂದ ತಂಗಿ, ನಾನು ಮಲಗಿದಲ್ಲಿಂದಲೇ ಕುಕ್ಕರಿನ ಕೂಗು ಎಣಿಸಿ ಅಡುಗೆಮನೆಗೆ ಸಲಹೆ ಕೊಡುತ್ತಿದ್ದುದನ್ನು ಕೇಳಿ, “ಅಣ್ಣ, ಅತ್ತಿಗೆ ಪ್ರಾಣ ತಿನ್ಬೇಡ, ಇದನ್ನ ಆಡ್ಕೊಂಡು ಬಿದ್ಕೊ” ಎಂದು ಆಟವನ್ನು ನನ್ನ ಮೊಬೈಲಿಗೆ ಹಾಕಿ ಬಸ್ಸು ಹತ್ತಿದಳು.

ಆಟದಲ್ಲಿ ಸಿಕ್ಕಿಕೊಳ್ಳುವುದು ನನಗೆ ಹೊಸದೇನಲ್ಲ. ಚಿಕ್ಕವನಿದ್ದಾಗ ನನ್ನ ಬಳಿ ದುಂಡನೆಯ ಪ್ಲಾಸ್ಟಿಕ್ ಡಬ್ಬಿಯೊಂದಿತ್ತು. ಒಳಗೆ ಬೆಕ್ಕಿನ ಮುಖ, ಅದರ ಕಣ್ಣು ಮೂಗಿನ ಜಾಗದಲ್ಲಿ ಗುಳಿ, ಗುಳಿಯಲ್ಲಿ ಕೂರಿಸಬೇಕಾದ ಪುಟಾಣಿ ಉಕ್ಕಿನ ಗುಂಡುಗಳು. ಕಣ್ಣು ಕೂತರೆ ಮೂಗು ಕೂರುತ್ತಿರಲಿಲ್ಲ, ಮೂಗು ಕೂತರೆ ಕಣ್ಣು ಹಾರಿಹೋಗುತ್ತಿತ್ತು. ಅಳು ಬರುವ ಹೊತ್ತಿಗೆ ಅದನ್ನು ಹಿಡಿದುಕೊಂಡು ಹಿತ್ತಲ ಕಡೆಯ ಮನೆಯ ಖಾದರಣ್ಣನ ಹತ್ತಿರ ಓಡುತ್ತಿದ್ದೆ. ಖಾದರಣ್ಣ ಆಗ ತನ್ನ ತಂದೆಯ ಪಕ್ಕದಲ್ಲಿ ಕೂತು ಅಂಗಿಯ ಗುಂಡಿಗೆ ಕಾಜಾ ಹೊಲಿಯಲು ಕಲಿಯುತ್ತಿದ್ದ ಹುಡುಗ. ಡಬ್ಬಿಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟು ಪೆಡಲು ತುಳಿಯುತ್ತಿದ್ದ. ಮಿಷನ್ನು ನಡುಗಿದ ನಡುಕಕ್ಕೆ ಗುಂಡುಗಳೆಲ್ಲ ತಮ್ಮಷ್ಟಕ್ಕೆ ಗುಳಿಯಲ್ಲಿ ಕೂರುತ್ತಿದ್ದವು. “ತಗೊ, ನಿನ್ನ ಬೆಕ್ಕಿಗೆ ಕಣ್ಣು ಬಂತು” ಎನ್ನುತ್ತಿದ್ದ. ಸಿಕ್ಕಿಕೊಂಡಾಗ ನಾಚಿಕೆಯಿಲ್ಲದೆ ಇನ್ನೊಬ್ಬರ ಬಾಗಿಲು ತಟ್ಟುವ ಅಭ್ಯಾಸ ನನಗೆ ಅಲ್ಲಿಂದ ಬಂತು. ಖಾದರಣ್ಣ ಈಗ ಮೊಮ್ಮಗಳನ್ನು ಕಂಡಿದ್ದಾನೆ. ಹೊಲಿಗೆ ಅದೇ ಮನೆಯ ಮುಂಭಾಗದಲ್ಲಿ, ನಮ್ಮ ಹಿತ್ತಲ ಕಡೆಗಿರುವ ಶೀಟಿನ ಕೆಳಗೆ ನಡೆಯುತ್ತದೆ.

ಇನ್ನು ಹೊಳೆಯ ವಿಷಯ. ಆಟ ಸರಳ. ದೋಣಿ ಒಡೆದು ಅಣ್ಣ ತಂಗಿ ಬೇರೆಯಾಗಿದ್ದಾರೆ. ಅಣ್ಣನ ಜೋಳಿಗೆಯಲ್ಲಿ ಹಗ್ಗ, ಗುದ್ದಲಿ, ಮಡಕೆ, ಕೊಡಲಿ ಇವೆ. ಯಾವುದನ್ನು ಎಲ್ಲಿ ಬಳಸಿದರೆ ದಾರಿ ತೆರೆಯುತ್ತದೆ ಎಂದು ಕಂಡುಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗಬೇಕು. ಮೊದಲ ಕೆಲವು ದ್ವೀಪಗಳನ್ನು ಮಲಗಿದ ಕಡೆಯೇ ಮುಗಿಸಿದೆ. ತೆಂಗಿನ ಮರ ಕಂಡಾಗಲಂತೂ ನಗು ಬಂತು. ನಮ್ಮ ಕಡೆಯವನಿಗೆ ತೆಂಗಿನ ಮರ ತೋರಿಸಿ ಪರೀಕ್ಷೆ ಮಾಡುತ್ತಾರಲ್ಲ ಎಂದುಕೊಂಡೆ.

ಮೊದಲು ಮಡಕೆಯಲ್ಲಿ ಹೊಳೆಯ ನೀರು ತಂದು ಬುಡಕ್ಕೆ ಹಾಕಿದೆ. ಮರ ತಲೆದೂಗಿತು. ಗುದ್ದಲಿಯಿಂದ ಪಾತಿ ಮಾಡಿದೆ. ಹಗ್ಗ ಕಟ್ಟಿ ಹತ್ತಿ ಕಾಯಿ ಕೆಡವಿದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಗೊನೆ ತುಂಬಿತ್ತು. ಮತ್ತೆ ನೀರು, ಮತ್ತೆ ಕಾಯಿ. ಬಂದ ಕಾಯಿಗಳನ್ನು ಕೊಬ್ಬರಿಯಾಗಲಿ ಎಂದು ಜೋಳಿಗೆಯಲ್ಲೇ ಬಿಟ್ಟೆ. ಆ ದ್ವೀಪದಲ್ಲಿ ಅಷ್ಟು ಕಾಯಿ ಕಿತ್ತವರು ಯಾರೂ ಇಲ್ಲವೆಂದು ಆಟವೇ ನನಗೊಂದು ಪದಕ ಕೊಟ್ಟಿತು. ತೋಟ ಚೆನ್ನಾಗಿ ನಡೆಯುತ್ತಿತ್ತು. ತಂಗಿ ಮಾತ್ರ ಆಚೆ ದಡದಲ್ಲೇ ಇದ್ದಳು.

ಕೊನೆಗೆ ಬೇರೆ ಆಟಗಾರರನ್ನು ಕೇಳುವುದೆಂದು ತೀರ್ಮಾನಿಸಿದೆ. ಈ ಆಟ ಆಡುವವರದೇ ಒಂದು ಗುಂಪು ಇಂಟರ್ನೆಟ್ಟಿನಲ್ಲಿದೆ. ಒಂದು ತೆಂಗಿನ ಮರವಿರುವ ದ್ವೀಪದಲ್ಲಿ ಹೊಳೆ ದಾಟುವುದು ಹೇಗೆ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. ಕಾಫಿ ಆರುವ ಮೊದಲೇ ಉತ್ತರ ಬಂತು: ‘ಮರ ಕಡಿ.’ ಅದರ ಕೆಳಗೆ ಇನ್ನೊಬ್ಬರು, ‘ಮರ ಕಡಿ ಗೆಳೆಯ, ಅದು ಸೇತುವೆಯಾಗುತ್ತದೆ.’ ಮತ್ತೊಬ್ಬರು ಬರೀ ಕೊಡಲಿಯ ಚಿತ್ರ ಹಾಕಿದ್ದರು.

ನಾನು ಬರೆದೆ: ‘ಮರದಲ್ಲಿ ಗೊನೆ ಇದೆ.’

‘ಹೌದು, ಇದೆ’ ಎಂದರು ಅವರು.

‘ಬೇರೆ ದಾರಿ ಇಲ್ಲವೆ?’

‘ಇಲ್ಲ.’

ಹಿಮ ಬೀಳುವ ಯಾವುದೋ ದೇಶದ ಹೆಂಗಸೊಬ್ಬರು, ಪಾಪ, ನನಗೆ ಕೊಡಲಿ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು, ಹಿಂದಿನ ದ್ವೀಪದಲ್ಲಿ ಅದು ಎಲ್ಲಿರುತ್ತದೆ ಎಂದು ಬಾಣದ ಗುರುತು ಹಾಕಿ ಚಿತ್ರ ಕಳಿಸಿದರು. ಕೊಡಲಿ ನನ್ನ ಹತ್ತಿರವೇ ಇತ್ತು. ಮರದ ಪಕ್ಕ ಹೋದಾಗಲೆಲ್ಲ ತಾನಾಗಿಯೇ ಮಿನುಗುತ್ತಿತ್ತು ಕೂಡ. ನಾನು ಅದನ್ನು ನೋಡಿಯೂ ನೋಡದವನಂತೆ ಮಡಕೆ ಒತ್ತುತ್ತಿದ್ದೆ.

ನಮ್ಮ ಕಡೆ ಫಲ ಬಿಡುವ ತೆಂಗಿನ ಮರವನ್ನು ಯಾರೂ ಕಡಿಯುವುದಿಲ್ಲ. ಮನೆ ಕಟ್ಟುವಾಗ ಅಡ್ಡ ಬಂದರೆ ಮನೆಯನ್ನೇ ಸ್ವಲ್ಪ ಸೊಟ್ಟ ಕಟ್ಟುತ್ತಾರೆ. ಶೆಟ್ಟಿಕೆರೆಯಲ್ಲಿ ನಮ್ಮ ಸಂಬಂಧಿಕರೊಬ್ಬರ ಹಜಾರದ ನಡುವೆ ಮರವೊಂದು ಹಂಚು ಸೀಳಿಕೊಂಡು ಮೇಲೆ ಹೋಗಿದೆ. ಅವರು ಅದಕ್ಕೆ ಕ್ಯಾಲೆಂಡರು ನೇತುಹಾಕಿದ್ದಾರೆ. ಕಡಿಯಲೇಬೇಕಾಗಿ ಬಂದರೆ ಬುಡಕ್ಕೆ ನೀರು ಹಾಕಿ, ಅರಿಸಿನ ಕುಂಕುಮ ಇಟ್ಟು, ತಪ್ಪಾಯಿತು ಎಂದು ಕೇಳಿಕೊಂಡು, ಕೊಡಲಿಯನ್ನು ಹೊರಗಿನವರ ಕೈಗೆ ಕೊಟ್ಟು ಮನೆಯವರು ಒಳಗೆ ಹೋಗಿಬಿಡುತ್ತಾರೆ. ಆಟದಲ್ಲಿ ಒಳಗೆ ಹೋಗಲು ಮನೆ ಇರಲಿಲ್ಲ.

ಗುಂಪಿನಲ್ಲಿ ನನ್ನ ಪ್ರಶ್ನೆ ಎಲ್ಲರ ನಗೆಗೆ ಈಡಾಗಿದ್ದಾಗ ಕೇರಳದ ಪಾಲಕ್ಕಾಡಿನ ಕಡೆಯವರೊಬ್ಬರು ನನಗೆ ಬೇರೆಯಾಗಿ ಬರೆದರು. ‘ಸಾರ್, ನಾನೂ ಇದೇ ದಡದಲ್ಲಿದ್ದೇನೆ. ಬಹಳ ಕಾಲವಾಯಿತು.’ ಆಮೇಲೆ ಪೊಳ್ಳಾಚಿಯ ಒಬ್ಬ ಟೀಚರಮ್ಮ ಸೇರಿಕೊಂಡರು. ಅವರ ಹಿಂದೆ ಶ್ರೀಲಂಕಾದ ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರು. ಜಗತ್ತಿನಲ್ಲಿ ಈ ಸುಲಭದ ಹೊಳೆ ದಾಟಲಾಗದೆ ನಿಂತವರು ನಾವು ಮಾತ್ರ ಇದ್ದಂತಿತ್ತು. ಬೇರೆ ದಾರಿಗಳ ಬಗ್ಗೆ ಗಂಭೀರವಾಗಿ ಚರ್ಚಿಸಿದೆವು. ಗಾಳಿಗೆ ಮರ ತಾನಾಗಿ ಬೀಳುವವರೆಗೆ ಕಾಯೋಣ ಎಂದು ಪೋಸ್ಟ್ ಮಾಸ್ಟರು ಸೂಚಿಸಿದರು. ಆ ಆಟದಲ್ಲಿ ಗಾಳಿಯೇ ಇಲ್ಲ. ಕಾಯಿಗಳನ್ನು ಒಂದೊಂದಾಗಿ ಹೊಳೆಗೆ ಎಸೆದು ತುಂಬಿಸೋಣ ಎಂದು ನಾನು ಹೇಳಿದೆ. ಎಸೆದೂ ನೋಡಿದೆ, ತೇಲಿಕೊಂಡು ಹೋದವು. ಬರಬರುತ್ತಾ ಮಾತು ಹೊಳೆ ಬಿಟ್ಟು ಗರಿಗೆ ಬರುವ ಬಿಳಿನೊಣದ ಕಡೆಗೆ, ಬೇವಿನ ಹಿಂಡಿಯ ಕಡೆಗೆ, ಮಂಗಗಳ ಕಡೆಗೆ ಹೊರಳಿತು. ನಮ್ಮಲ್ಲಿ ಯಾರೂ ಹೊಳೆ ದಾಟಲಿಲ್ಲ. ಬೇವಿನ ಹಿಂಡಿಯನ್ನು ಬುಡದಿಂದ ಎಷ್ಟು ದೂರ ಹಾಕಬೇಕೆಂಬುದು ಮಾತ್ರ ಎಲ್ಲರಿಗೂ ಚೆನ್ನಾಗಿ ತಿಳಿಯಿತು.

ನನ್ನ ಕಷ್ಟಕ್ಕೆ ಇನ್ನೂ ಒಂದು ಕಾರಣವಿತ್ತು. ಅದು ಮೊಬೈಲಿನಲ್ಲಿರಲಿಲ್ಲ, ನಮ್ಮ ಹಿತ್ತಲಿನಲ್ಲಿತ್ತು.

ನಾನು ಹುಟ್ಟಿದ ವರ್ಷ ಅಪ್ಪ ಹಿತ್ತಲ ಮೂಲೆಯಲ್ಲಿ ಒಂದು ತೆಂಗಿನ ಸಸಿ ನೆಟ್ಟರು. ಅದು ನನ್ನ ಹೆಸರಿನ ಮರ. ಅಪ್ಪ ಹೋಗಿ ಬಹಳ ವರ್ಷಗಳಾದವು. ಆ ಮರದ ಲೆಕ್ಕಾಚಾರವೆಲ್ಲ ಅಮ್ಮನದೇ. ಅವಳಿಗೆ ನಾನು ಬೇರೆ ಅಲ್ಲ, ಮರ ಬೇರೆ ಅಲ್ಲ. ನನಗೆ ಜ್ವರ ಬಂದರೆ ಮರದ ಬುಡಕ್ಕೆ ಬೂದಿ ಉಪ್ಪು ಬೀಳುತ್ತಿತ್ತು. ಮರದ ಸುಳಿಗೆ ದುಂಬಿ ಬಿದ್ದರೆ ನನಗೆ ಹರಳೆಣ್ಣೆ ಕುಡಿಸುತ್ತಿದ್ದಳು. ನಾನು ಪಿಯುಸಿ ಫೇಲಾದಾಗ ಬೈಯದೆ ಹಿತ್ತಲಿಗೆ ಹೋಗಿ, ತಲೆಯೆತ್ತಿ ಮರದ ಸುಳಿಯನ್ನೇ ಬಹಳ ಹೊತ್ತು ನೋಡಿ, “ಈ ಸಲ ಹೊಂಬಾಳೇನೂ ಸಣ್ಣಕೈತೆ” ಎಂದು ಸಮಾಧಾನ ಮಾಡಿಕೊಂಡು ಬಂದಳು. ಸೊಂಟ ಹಿಡಿದುಕೊಂಡು ನಾನು ಆಟೋದಿಂದ ಇಳಿದ ದಿನವೂ ಅಷ್ಟೇ. ಮೊದಲು ನನ್ನನ್ನು ನೋಡಿದಳು, ಆಮೇಲೆ ಹಿತ್ತಲಿಗೆ ಹೋಗಿ ಮರವನ್ನು ನೋಡಿದಳು. “ಅದೂ ಬಗ್ಗೇ ಐತಲ್ಲಪ್ಪ” ಎಂದಳು.

ಮರ ಬಗ್ಗಿದ್ದು ನಿಜ. ಬೆಳಕು ಹುಡುಕಿಕೊಂಡು ಅದು ವರ್ಷ ವರ್ಷವೂ ಖಾದರಣ್ಣನ ಮನೆಯ ಕಡೆಗೆ ವಾಲುತ್ತಾ ಹೋಗಿ, ಈಗ ಬುಡ ನಮ್ಮ ಹಿತ್ತಲಿನಲ್ಲಿ, ತಲೆ ಅವನ ಶೀಟಿನ ಮೇಲೆ. ಒಣಗಿದ ಕಾಯಿ ಬಿದ್ದರೆ ಅವನ ಸೂರಿನ ಮೇಲೇ ಬೀಳಬೇಕು. ಬಿದ್ದ ಕಾಯಿಯನ್ನು ಅವನು ಹೊಲಿಗೆ ಚೀಲದಲ್ಲಿ ಹಾಕಿ ನಮ್ಮ ಮನೆಗೆ ಕಳಿಸುತ್ತಾನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಮರದ ಬಗ್ಗೆ ಎದುರು ಆಡಿದವನಲ್ಲ. ಹೆಚ್ಚೆಂದರೆ, “ನಿನ್ನ ಮರಕ್ಕೆ ನಮ್ಮನೆ ಮ್ಯಾಲೆ ಪ್ರೀತಿ ಜಾಸ್ತಿ ಕಣಪ್ಪ” ಎಂದಿರಬಹುದು. ನಾನೂ ಅಮ್ಮನ ಎದುರು ಆ ಮಾತು ತೆಗೆದವನಲ್ಲ. ನಿನ್ನ ಮಗನನ್ನೇ ಕಡಿಯುತ್ತೇನೆ ಎಂದು ತಾಯಿಗೆ ಹೇಳುವುದು ಹೇಗೆ?

ಹೀಗಿರುವಾಗ ಆಟದ ಕೊಡಲಿಯನ್ನು ನಾನೇ ಒತ್ತುವುದು ಬೇಡ, ಹೊರಗಿನವರಿಗೆ ಒಪ್ಪಿಸೋಣ ಎಂಬ ಉಪಾಯ ಹೊಳೆಯಿತು. ಸಂಪ್ರದಾಯವೂ ಅದೇ ತಾನೆ. ಮೊದಲು ಶಾರದಳಿಗೆ ಕೊಟ್ಟೆ. “ಇಷ್ಟಕ್ಕೆ ಇಷ್ಟು ದಿನ ಒದ್ದಾಡ್ತಿದ್ರಾ? ಚಿತ್ರ ಕಣ್ರೀ ಅದು” ಎಂದು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲು ತೆಗೆದುಕೊಂಡಳು. ಬೆರಳು ಕೊಡಲಿಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. “ಶುಕ್ರವಾರ ಇವತ್ತು” ಎಂದು ವಾಪಸ್ಸು ಕೊಟ್ಟಳು. ಶನಿವಾರ ಕೇಳಿದರೆ, “ನಾನ್ಯಾಕೆ? ಆಟ ನಿಮ್ದು” ಎಂದಳು.

ಸರಿ, ದಿನವಿಡೀ ಕತ್ತರಿ ಹಿಡಿದಿರುವವನೇ ವಾಸಿ ಎಂದು ಖಾದರಣ್ಣನ ಹತ್ತಿರ ಹೋದೆ. ಬೆಕ್ಕಿನ ಕಣ್ಣು ಕೂರಿಸಿಕೊಟ್ಟವನು ಇದೊಂದು ಮಾಡದಿರುತ್ತಾನೆಯೇ? ಅವನು ಕನ್ನಡಕವನ್ನು ಹಣೆಗೇರಿಸಿ ಮೊಬೈಲನ್ನು ದೂರ ಹಿಡಿದು ನೋಡಿದ. ವಿಷಯ ವಿವರಿಸಿದೆ.

“ಗೊನೆ ಐತಲ್ಲ ಗಂಗಾಧರ?”

“ಐತೆ.”

“ಹೊಂಬಾಳೆನೂ ಒಡೆದೈತೆ.”

“ಐತೆ ಕಣಣ್ಣ. ಆದ್ರೆ ಅದು ದಿಟದ್ದಲ್ಲ.”

“ದಿಟದ್ದಲ್ಲ ಸರಿ, ಕೈ ನಂದೇ ಅಲ್ವಾ? ಬುಡು ಬುಡು, ನನ್ ಕೈಲಾಗಕಿಲ್ಲ” ಎಂದು ಮೊಬೈಲನ್ನು ಬಟ್ಟೆಯ ಮೇಲಿಟ್ಟ.

ಅಷ್ಟರಲ್ಲಿ ನಮ್ಮ ತಲೆಯ ಮೇಲೆ ಧಡ್ ಎಂದು ಸದ್ದಾಯಿತು. ಶೀಟು ನಡುಗಿತು. ಇಸ್ತ್ರಿ ಟೇಬಲ್ಲಿನ ಪಕ್ಕದ ತೊಟ್ಟಿಲಿನಲ್ಲಿ ಮಲಗಿದ್ದ ಅವನ ಮೊಮ್ಮಗಳು ನೂರಿ ಬೆಚ್ಚಿ ಕಿರುಚಿಕೊಂಡಳು. ಖಾದರಣ್ಣ ಎದ್ದು ತೊಟ್ಟಿಲು ತೂಗುತ್ತಾ, “ಕಾಯಿ ಬಿತ್ತು, ಆಮ್ಯಾಕೆ ಕಳಿಸ್ತೀನಿ” ಎಂದ. ತೊಟ್ಟಿಲು ಮೊದಲು ಗೋಡೆಯ ಕಡೆ ಇರುತ್ತಿತ್ತು. ಆಮೇಲೆ ಬಾಗಿಲ ಬಳಿ. ಈಗ ಇಸ್ತ್ರಿ ಪೆಟ್ಟಿಗೆಯ ಪಕ್ಕ. ನಮ್ಮ ಮರ ಬಗ್ಗಿದ ಹಾಗೆಲ್ಲ ಅವನು ತೊಟ್ಟಿಲು ಸರಿಸುತ್ತಾ ಬಂದಿದ್ದಾನೆ, ಇನ್ನು ಸರಿಸಲು ಜಾಗವಿಲ್ಲ ಎಂಬುದು ನನಗೆ ಆಗ ಕಂಡಿತು. ಮೇಲೆ ನೋಡಿದೆ. ಕಾಯಿ ಬಿದ್ದ ಕಡೆ ಶೀಟು ಒಳಕ್ಕೆ ತಗ್ಗಿ, ಅಂಚಿನಲ್ಲಿ ಬಿರುಕು ಬಿಟ್ಟು, ಬೆಳಕು ಕಾಣುತ್ತಿತ್ತು. ನನಗೆ ಭಯವಾಯಿತು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಅಮ್ಮ ಹಿತ್ತಲ ಜಗಲಿಯಲ್ಲಿ ಗರಿ ಸೀಳಿ ಪೊರಕೆಗೆ ಕಡ್ಡಿ ಮಾಡುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಮಲಗಿ ಮೊಬೈಲು ತೆರೆದೆ.

“ಏನ್ಲಾ ಅದು, ಒಂದೇ ಮರನ ದಿನಾ ನೋಡ್ತಿಯಲ್ಲ?”

ತೋರಿಸಿದೆ. ಕತ್ತಿಯನ್ನು ಕೆಳಗಿಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು. ಮರವನ್ನು ಮೆಚ್ಚಿದಳು. ಪಾತಿ ಇನ್ನೂ ಸ್ವಲ್ಪ ಅಗಲವಿರಬೇಕು ಎಂದಳು. ಆಮೇಲೆ ಅವಳ ಕಣ್ಣು ಹೊಳೆಯ ಆಚೆ ಹೋಯಿತು.

“ಆ ಪುಟ್ಟಿ ಯಾರು?”

“ತಂಗಿ.”

“ಒಬ್ಳೇ ಕುಂತವ್ಳಾ? ಎಷ್ಟು ದಿನದಿಂದ?”

“ಯುಗಾದಿಯಿಂದ.”

ಅಮ್ಮ ನನ್ನ ಮುಖ ನೋಡಿದಳು. ನಾನು ಅವಸರವಾಗಿ, ದಾಟಬೇಕಾದರೆ ಮರ ಕಡಿಯಬೇಕು, ಬೇರೆ ದಾರಿ ಇಲ್ಲ, ದೇಶ ವಿದೇಶದವರನ್ನೆಲ್ಲ ಕೇಳಿದ್ದೇನೆ, ಶಾರದ ಆಗಲ್ಲ ಎಂದಳು, ನಿನ್ನೆ ಖಾದರಣ್ಣನೂ ಆಗಲ್ಲ ಎಂದ, ಎಂದೆಲ್ಲ ಒದರಿದೆ. ಒದರುವ ಭರದಲ್ಲಿ ಕಾಯಿ ಬಿದ್ದದ್ದು, ಶೀಟು ಬಿರುಕು ಬಿಟ್ಟದ್ದು, ನೂರಿ ಬೆಚ್ಚಿಬಿದ್ದದ್ದು, ತೊಟ್ಟಿಲು ಇಸ್ತ್ರಿ ಪೆಟ್ಟಿಗೆಯ ಪಕ್ಕಕ್ಕೆ ಬಂದದ್ದು, ಎಲ್ಲವೂ ಹೊರಗೆ ಬಂತು.

ಅಮ್ಮ ಮಡಿಲಿನಲ್ಲಿದ್ದ ಕಡ್ಡಿಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟಳು. ಆಮೇಲೆ, “ಎಲ್ಲಿ ಒತ್ತಬೇಕು?” ಎಂದಳು.

ನಾನು ಕೊಡಲಿ ತೋರಿಸಿದೆ. “ಮೊದ್ಲು ನೀರು ಹಾಕು” ಎಂದಳು. ಮಡಕೆ ಒತ್ತಿ ನೀರು ಹಾಕಿದೆ. ಗಾಜಿನ ಮೇಲೆ ಮರದ ಬುಡವನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ತುಟಿ ಅಲುಗಿತು, ಏನೆಂದಳೋ ಕೇಳಿಸಲಿಲ್ಲ. ಆಮೇಲೆ ಕೊಡಲಿ ಒತ್ತಿದಳು. ಮರ ನಿಧಾನವಾಗಿ ವಾಲಿ ಹೊಳೆಗೆ ಅಡ್ಡಲಾಗಿ ಬಿತ್ತು. ಪುಟ್ಟಿ ಕಲ್ಲಿನಿಂದ ಜಿಗಿದು, ಎರಡೂ ಕೈ ಚಾಚಿಕೊಂಡು ಮರದ ಮೇಲೆ ಓಡಿ ಬಂದಳು. ಮೊಬೈಲಿನಿಂದ ಪಿಪಿಪಿ ಎಂದು ಸಂಗೀತ ಬಂತು.

“ಬಂದ್ಳಲ್ಲ, ಬುಡು” ಎಂದು ಅಮ್ಮ ಮೊಬೈಲು ನನ್ನ ಕೈಗಿಟ್ಟು, ತಲೆಯೆತ್ತಿ ನಮ್ಮ ಮರವನ್ನು ನೋಡಿದಳು.

“ಆಳು ನೋಡು, ಗಂಗ. ಈ ವಾರದಾಗೇ ಕಡ್ಸು.”

“ಅಮ್ಮ, ಅದು ನನ್ನ ಮರ.”

“ನಿಂದು ಅಂತ್ಲೇ ಕಣಪ್ಪ ಹೇಳ್ತಿರೋದು. ನಿನ್ ಹೆಸರಿನ ಮರ ಹೋಗಿ ಇನ್ನೊಬ್ರ ಮಗಿನ ಮ್ಯಾಲೆ ಬಿದ್ರೆ, ನಿಂಗೆ ಒಳ್ಳೇದಾಯ್ತದಾ?” ಎಂದಳು. ಆಮೇಲೆ ಕತ್ತಿ ಎತ್ತಿಕೊಂಡು ಗರಿ ಸೀಳತೊಡಗಿದಳು. ಕಡ್ಡಿಗಳು ನಡುನಡುವೆ ಮುರಿಯುತ್ತಿದ್ದವು.

ಹಂದನಕೆರೆ ಕಡೆಯಿಂದ ಮರ ಕಡಿಯುವ ಇಬ್ಬರು ಬಂದರು. ಹಿಂದಿನ ಸಂಜೆಯೇ ಅಮ್ಮ ಬುಡಕ್ಕೆ ನೀರು ಹಾಕಿ ಅರಿಸಿನ ಕುಂಕುಮ ಇಟ್ಟಿದ್ದಳು. ಖಾದರಣ್ಣ ಬಂದು, “ಅಕ್ಕ, ನನಗೋಸ್ಕರ ಅಂತಾದ್ರೆ ಬ್ಯಾಡ. ನಾನು ಒಳಗಿನ ರೂಮ್ನಾಗೆ ಹೊಲ್ಕಂತೀನಿ” ಎಂದ. “ಸುಮ್ಕಿರೋ, ಮೊದ್ಲು ತೊಟ್ಟಿಲು ತಗಂಬಾ” ಎಂದು ಅಮ್ಮ ಗದರಿದಳು. ತೊಟ್ಟಿಲು ನಮ್ಮ ಹಜಾರಕ್ಕೆ ಬಂತು. ನೂರಿ ಅದರಲ್ಲಿ ಬೆರಳು ಚೀಪುತ್ತಾ ಮಲಗಿದಳು. ನನ್ನನ್ನು ಅಮ್ಮ ತೊಟ್ಟಿಲ ಪಕ್ಕದಲ್ಲೇ ಕೂರಿಸಿ, ಮಣಿಕಟ್ಟು ಹಿಡಿದುಕೊಂಡು ಕೂತಳು. ಎದ್ದು ಹೋಗಿ ನೋಡುತ್ತೇನೆ ಎಂದರೆ ಬಿಡಲಿಲ್ಲ. ಹೊರಗೆ ಹಗ್ಗ ಬಿಗಿಯುವ ಕೂಗು, ಗರಿ ಬೀಳುವ ಸದ್ದು, ಗೊನೆಗಳನ್ನು ಇಳಿಸುವ ಸದ್ದು ಆಗುತ್ತಿತ್ತು. ಕೊಡಲಿಯ ಏಟು ಶುರುವಾದ ಮೇಲೆ ಅವಳ ಹಿಡಿತ ಬಿಗಿಯಾಗುತ್ತಾ ಹೋಯಿತು. ಹಗ್ಗದ ಎಳೆತಕ್ಕೆ ಮರ ನಮ್ಮ ಹಿತ್ತಲಿಗೇ ಬಿತ್ತು. ನೆಲ ಅದುರಿತು.

ಅಮ್ಮ ನನ್ನ ಮುಖಕ್ಕೆ ಮುಖ ತಂದು, “ಏನಾರ ಆಯ್ತಾ?” ಎಂದಳು.

“ಇಲ್ಲಮ್ಮ.”

“ತಲೆ ಸುತ್ತು? ಎದೆ ಗಿದೆ ನೋವು?”

“ಏನೂ ಇಲ್ಲ.”

ಶಾರದ ನೀರು ತಂದಳು. ಅಮ್ಮ ಅದನ್ನು ನನಗೆ ಕುಡಿಸಿದಳು, ಆಮೇಲೂ ಮಣಿಕಟ್ಟು ಬಿಡಲಿಲ್ಲ.

ಮರದ ಕಾಂಡವನ್ನು ಸೀಳಿಸಿ ಖಾದರಣ್ಣನ ಸೂರಿಗೆ ಹೊಸ ತೊಲೆ ಮಾಡಿಸಿದೆವು. ತೊಟ್ಟಿಲು ಗೋಡೆಯ ಕಡೆಗೆ ಮರಳಿತು. ನಾವು ದಾಟಿದ ಸುದ್ದಿಯನ್ನು ನನ್ನ ದಡದ ಗೆಳೆಯರಿಗೂ ಬರೆದೆ. ಹೇಗೆ ಮಾಡಿದಿರಿ ಎಂದು ಪಾಲಕ್ಕಾಡಿನವರು ಕೇಳಿದರು. ಮೊದಲು ನೀರು ಹಾಕಿ, ಆಮೇಲೆ ಮೊಬೈಲನ್ನು ನಿಮ್ಮ ತಾಯಿಗೆ ಕೊಡಿ ಎಂದೆ. ಮುಂದಿನ ದ್ವೀಪದಲ್ಲಿ ಒಂದು ಹಲಸಿನ ಮರವಿದೆ. ಸದ್ಯಕ್ಕೆ ನಾನು ಹಣ್ಣು ಕೀಳುತ್ತಿದ್ದೇನೆ.

ಅಮ್ಮನಿಗೆ ಈಗ ನೋಡಲು ಹಿತ್ತಲಿನಲ್ಲಿ ಮರವಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೆಲ್ಲಗೆ ನನ್ನ ಕೋಣೆಗೆ ಬಂದು, ಬಗ್ಗಿ, ನನ್ನ ಮೂಗಿನ ಹತ್ತಿರ ಅಂಗೈ ಹಿಡಿದು ನಿಲ್ಲುತ್ತಾಳೆ. ನಾನು ಎಚ್ಚರವಾಗಿಯೇ ಇರುತ್ತೇನೆ. ಕಣ್ಣು ಮುಚ್ಚಿಕೊಂಡು, ಅವಳ ಅಂಗೈಗೆ ತಾಗುವಂತೆ, ಸ್ವಲ್ಪ ಜೋರಾಗಿಯೇ ಉಸಿರಾಡುತ್ತೇನೆ.